ಗೇಜಿನ ಸೇತುವೆ ಮೇಲೆ ಅಲುಗದೆ ನಿಂತವನು

"ದಿನಾ ನೋಡೀನ್ರಿ ಸಾಹೇಬ್ರ. ಹತ್ತು ಗಂಟೆಕ್ಕ ವೆಂಕೋಬ ಗೇಜಿನ ಸೇತುವಿ ಮ್ಯಾಲ ನಿಂತಿರ್ತಿದ್ದ," ಎಂದು ಬಂದೇಸಾಬ ಸೈಕಲ್ಲಿನ ಸ್ಟ್ಯಾಂಡ್ ಒದ್ದ. ಹಿಂದೆ ಕಟ್ಟಿದ್ದ ಪ್ಲಾಸ್ಟಿಕ್ ಕೊಡಗಳು ಒಂದಕ್ಕೊಂದು ತಾಗಿ ಅವನ ಮಾತಿಗೆ ಹೂಂಗುಟ್ಟಿದವು.

"ಹತ್ತು ಗಂಟೆಕ್ಕ ಆಂವ ಇಲ್ಲಿ ಕುಂತು ಚಾ ಕುಡೀತಿದ್ದ," ಎಂದಳು ಹುಸೇನ್‌ಬೀ, ಒಲೆಯ ಹಿಂದಿನಿಂದ.

"ಆಪಾ, ನಾ ಸಲಾಮ್ ಹಾಕೀನಿ."

"ನಾ ಚಾ ಹಾಕೀನಿ. ಯಾವುದು ಖರೆ?"

ಸಂಗನಬಸವ ಗಡಿಯಾರ ನೋಡಿಕೊಂಡ. ಎರಡೂ ಮುಕ್ಕಾಲು. ಸಂಜೆ ಐದಕ್ಕೆ ಪೊಲೀಸರು ಸಿಂಧನೂರಿನ ಅಕ್ಕಿ ಮಿಲ್ಲಿಗೆ ಬಂದು ಮೆಹನಾಜಳನ್ನು ಕರೆದೊಯ್ಯುತ್ತಾರೆ. ಅಷ್ಟರೊಳಗೆ ಒಂದು ಬೊಂಬೆ ಸಿಗಬೇಕು.

ಹುಸೇನ್‌ಬೀಯ ಚಾದಂಗಡಿ ಇರುವುದು ಗೇಜಿನ ಸೇತುವೆಯಿಂದ ಮೂರು ಕಿಲೋಮೀಟರ್ ಆಚೆ, ಕಾಲುವೆ ದಂಡೆಯ ಮೇಲೆ. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಜಾಗದಲ್ಲಿ ಇರುವುದು ದೇವರನ್ನು ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಮಾತ್ರ ಸಾಧ್ಯ. ಸಂಗನಬಸವ ಮೂವತ್ತು ವರ್ಷ ಬ್ರೇಕ್ ಇನ್‌ಸ್ಪೆಕ್ಟರ್ ಆಗಿದ್ದವನು, ಲಾರಿಗಳ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದವನು. ನಿವೃತ್ತಿಯಾದ ಮೇಲೆ ಊರವರ ತಂಟೆ ಬಿಡಿಸುವ ಚಟಕ್ಕೆ ಬಿದ್ದು, ಅದಕ್ಕೆ ಮಾತ್ರ ಬ್ರೇಕ್ ಹಾಕಲಾಗದೆ ಕುಳಿತಿದ್ದ. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆಯಾಗಿತ್ತು. ಕಳೆದ ವಾರದಿಂದ ಆ ನಂಬಿಕೆಗೇ ಕೆಮ್ಮು ಹತ್ತಿತ್ತು.

ಯಂತ್ರದ ಹೆಸರು ತಾನಪ್ಪ. ಕಂಪನಿಯವರು ಇಟ್ಟ ಹೆಸರು ಬೇರೆ, ಉದ್ದದ್ದು. ತಾನೇ ಹೋಗುತ್ತದೆ, ತಾನೇ ಬರುತ್ತದೆ, ಡ್ರೈವರ್ ಇಲ್ಲ, ಕ್ಲೀನರ್ ಇಲ್ಲ ಎಂದು ಜನ ತಾನಪ್ಪ ಎಂದರು. ಸಿಂಧನೂರಿನ ಮಿಲ್ಲಿನಿಂದ ಅಕ್ಕಿ ಹೇರಿಕೊಂಡು ಮಸ್ಕಿ ದಾಟಿ ಲಿಂಗಸುಗೂರಿನ ಗೋದಾಮಿಗೆ ಹೋಗುವ ಗಿಡ್ಡ ಲಾರಿ. ದಾರಿಯಲ್ಲಿ ಏನಾದರೂ ತಿಳಿಯದೆ ನಿಂತರೆ ಮಿಲ್ಲಿನ ಮಾಳಿಗೆಯಲ್ಲಿ ಪರದೆ ಮುಂದೆ ಕುಳಿತ ಮೆಹನಾಜಳನ್ನು ಕೇಳುತ್ತದೆ. ಅವಳು ನೋಡಿ ದಾರಿ ಹೇಳುತ್ತಾಳೆ.

ಗೇಜಿನ ಸೇತುವೆಯ ಮೇಲೆ ಖಾಕಿ ಅಂಗಿ, ತಲೆಗೆ ಟೋಪಿ, ಸೊಂಟಕ್ಕೆ ಸೈಕಲ್ ಆನಿಸಿಕೊಂಡ ಒಂದು ಆಕಾರ ಕಂಡು ತಾನಪ್ಪ ಮೂರು ದಿನ ಹತ್ತತ್ತು ನಿಮಿಷ ನಿಂತಿತ್ತು. ನಾಲ್ಕನೇ ದಿನ ಮೆಹನಾಜ್ ಒಂದು ಗುಂಡಿ ಒತ್ತಿದಳು: ಇದು ಬೊಂಬೆ, ಇನ್ನು ಮುಂದೆ ಇಲ್ಲಿ ನಿಲ್ಲಬೇಡ. ಅಂದಿನಿಂದ ತಾನಪ್ಪ ಆ ಆಕಾರಕ್ಕೆ ಒಂದು ಗೇಣು ಅಂತರ ಬಿಟ್ಟು, ವೇಗ ಇಳಿಸದೆ ಹೋಗತೊಡಗಿತು. ಹದಿನೈದನೇ ದಿನ, ಗುರುವಾರ, ಅದೇ ಜಾಗದಲ್ಲಿ ನಿಂತಿದ್ದದ್ದು ಕಾಲುವೆ ನೀರು ಕಾಯುವ ನೀರಗಂಟಿ ವೆಂಕೋಬ. ನೀರಿನ ಮಟ್ಟ ತೋರುವ ಗೇಜ್ ನೋಡಿ ಮುಗಿಸಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಬೊಂಬೆಗಾದರೆ ಒಂದು ಗೇಣು ಸಾಕು. ಮನುಷ್ಯನಿಗೆ ಸಾಲದು.

ಆರು ದಿನವಾಯಿತು. ವೆಂಕೋಬ ಸಿಂಧನೂರಿನ ದವಾಖಾನೆಯಲ್ಲಿ ಕಣ್ಣು ತೆರೆದಿಲ್ಲ.

"ಬೊಂಬಿ ಎಲ್ಲೈತಿ, ತೋರ್ಸು," ಎಂದಿದ್ದರು ಪೊಲೀಸರು. ಬೊಂಬೆ ಎಲ್ಲೂ ಇರಲಿಲ್ಲ. ತಾನಪ್ಪನ ಕ್ಯಾಮೆರಾದ ಚಿತ್ರಗಳಲ್ಲಿ ಹದಿನೈದೂ ದಿನ ಅದೇ ಖಾಕಿ, ಅದೇ ಟೋಪಿ, ಅದೇ ಸೈಕಲ್. ದಾರಿಹೋಕರೆಲ್ಲ ಅಲ್ಲಿ ವೆಂಕೋಬನನ್ನೇ ಕಂಡೆವು ಎಂದರು. ಹಾಗಾದರೆ ಮೆಹನಾಜ್ ಜೀವಂತ ಮನುಷ್ಯನನ್ನು ನೋಡಿ ನಿಲ್ಲಬೇಡ ಎಂದಳು ಎಂದಾಯಿತು.

"ಬಂದೇಸಾಬ, ಆಂವ ಹ್ಯಾಂಗ ನಿಂತಿರ್ತಿದ್ದ? ಮಾಡಿ ತೋರ್ಸು," ಎಂದ ಸಂಗನಬಸವ.

ಬಂದೇಸಾಬನಿಗೆ ಇದಕ್ಕಿಂತ ಹಬ್ಬ ಬೇಕಿರಲಿಲ್ಲ. ಅವನು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಸೀಟಿಯಿಂದ ಹಿಡಿದು ತಾನಪ್ಪನ ದನಿವರೆಗೆ ಎಲ್ಲವನ್ನೂ ಮಾಡಿ ತೋರಿಸುವವನು. ಏರಿನಲ್ಲಿ ತಾನಪ್ಪನ ಹಿಂದಿನ ಕಬ್ಬಿಣದ ಸಳಿ ಹಿಡಿದು ಪುಕ್ಕಟೆ ಎಳೆಸಿಕೊಂಡು ಹೋಗುತ್ತಿದ್ದನಂತೆ. ಡ್ರೈವರ್ ಇದ್ದ ಲಾರಿಯಾದರೆ ತಾಯಿ ತಂಗಿಯ ಬೈಗುಳ. ತಾನಪ್ಪ ಮಾತ್ರ ಪಕ್ಕಕ್ಕೆ ನಿಂತು, "ದಯವಿಟ್ಟು ವಾಹನದಿಂದ ಸುರಕ್ಷಿತ ಅಂತರ ಕಾಯ್ದುಕೊಳ್ಳಿ" ಎಂದು ಪಾಠ ಓದಿದಂತೆ ಹೇಳುತ್ತಿತ್ತು.

ಈಗ ಅವನು ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು, ಗೋಣು ಬಗ್ಗಿಸಿ, ಕಾಲುವೆ ಕಡೆ ಮುಖ ಮಾಡಿ ನಿಂತ. ಅಚ್ಚು ವೆಂಕೋಬ. ಹುಸೇನ್‌ಬೀ ಕೂಡ ಸೌಟು ಬಿಟ್ಟು ನೋಡಿದಳು.

"ಹಂಗ ಇರು. ಅಲುಗಬ್ಯಾಡ."

ಅರ್ಧ ನಿಮಿಷಕ್ಕೆ ಬಂದೇಸಾಬನ ಮೂಗಿನ ಮೇಲೆ ನೊಣ ಕುಳಿತಿತು. ಅವನು ಊದಿದ. ಒಂದು ನಿಮಿಷಕ್ಕೆ ಕಾಲು ಬದಲಿಸಿದ.

"ವೆಂಕೋಬ ಕಾಲು ಬದಲಿಸ್ತಿದ್ನೇನು?"

"ಇಲ್ರಿ."

"ನಿನ್ನ ಸಲಾಮಿಗೆ ವಾಪಸ್ ಸಲಾಮ್ ಹಾಕ್ತಿದ್ನೇನು?"

"ಎಲ್ಲಿ ಹಾಕ್ತಾನ್ರಿ. ಸರ್ಕಾರಿ ಖಾಕಿ ಮೈಮ್ಯಾಲ ಬಿದ್ರ ಗೋಣು ತಿರಗಂಗಿಲ್ಲ ಅಂದ್ಕೊಂಡೆ."

"ಹೋದ ವಾರಕ್ಕೂ ಮೊದಲಿನ ಸೋಮವಾರ ಮಳಿ ಬಂತಲ್ಲ?"

"ಅವತ್ತೂ ನಿಂತಿದ್ದ. ಕೊಡಿ ಇಲ್ಲ, ಏನಿಲ್ಲ. ತೋಯ್ಸಿಕೊಂಡು ನಿಂತಿದ್ದ. ನಾ ಅಂದೆ, ಡ್ಯೂಟಿ ಅಂದ್ರ ಇದು..." ಬಂದೇಸಾಬ ಅಲ್ಲಿಗೆ ನಿಂತ. ಬಗ್ಗಿದ್ದ ಗೋಣು ಮೆಲ್ಲಗೆ ಮೇಲೆದ್ದಿತು. "ಸಾಹೇಬ್ರ, ಹದಿನಾಕು ದಿನ ನಾ ಹುಲ್ಲಿಗೆ ಸಲಾಮ್ ಹಾಕೀನೇನ್ರಿ?"

ಹುಸೇನ್‌ಬೀ ನಗಲಿಲ್ಲ. "ನಾನೂ ಒಮ್ಮೆ ಕೇಳಿದ್ದೆ," ಎಂದಳು. "ನಡಕೋತ ಬಂದಿಯಲ್ಲೋ, ಸೈಕಲ್ ಎಲ್ಲಿ ಅಂತ. ಸೈಕಲ್ ಡ್ಯೂಟಿ ಮ್ಯಾಲೈತಿ ಅಂತ ಅಂದು ನಕ್ಕ."

ಅಂದರೆ ಬೊಂಬೆ ವೆಂಕೋಬನದೇ. ಸಂಗನಬಸವನ ಎದೆ ಒಂದು ಗಳಿಗೆ ಹಗುರಾಯಿತು, ಮರುಗಳಿಗೆ ಇನ್ನಷ್ಟು ಭಾರವಾಯಿತು. ತನ್ನ ಬೊಂಬೆ ನಿಲ್ಲುವ ಜಾಗದಲ್ಲಿ ಗುರುವಾರ ಮಾತ್ರ ಅವನೇ ಯಾಕೆ ನಿಂತ?

"ಬೊಂಬಿಗೆ ಹಾಕಿದ ಅಂಗಿ ಯಾರ ಮನ್ಯಾಗಿಂದ ಬಂದಿತ್ತೋ, ಅಲ್ಲೇ ಹೋಗಬೇಕು," ಎಂದ.

"ವೆಂಕೋಬನ ಹೆಂಡ್ತಿ ಅಮರಮ್ಮನ ಮನಿಗೇನ್ರಿ?" ಹಿಂದಿನಿಂದ ಚನ್ನವೀರಪ್ಪ ಕೇಳಿದ. "ನಡೀರಿ, ಬಿಡ್ತೀನಿ."

ಚನ್ನವೀರಪ್ಪ ಮಿಲ್ಲಿನ ಸಾವ್ಕಾರ, ಕಾಲುವೆಯ ಮೇಲ್ಭಾಗದಲ್ಲಿ ಹೊಲವಿದ್ದವನು. ಬೆಳಗಿನಿಂದ ತನ್ನದೇ ಜೀಪಿನಲ್ಲಿ ಸಂಗನಬಸವನನ್ನು ತಿರುಗಿಸುತ್ತಿದ್ದ. "ಹುಡುಗಿ ನಮ್ಮ ಮಿಲ್ಲಿನಾಕಿ, ನಮ್ಮ ಮನಿ ಮಗಳಿದ್ದಂಗ," ಎಂದು ಮೂರು ಸಲ ಹೇಳಿದ್ದ. ಹಣೆಗೆ ವಿಭೂತಿ, ಬಾಯಿಗೆ ಮೆತ್ತನೆ ಮಾತು. ದಾರಿಯಲ್ಲಿ ಯಾವ ಮುದುಕಿ ಕೈ ಮಾಡಿದರೂ ಜೀಪು ನಿಲ್ಲಿಸಿ ದಾಟಿಸುವವನು.

ಈಗ ದಾಟುವವರೇ ಕಡಿಮೆ. ಮೊದಲು ಈ ರಸ್ತೆಯಲ್ಲಿ ಜನ ಡ್ರೈವರನ ಮುಖ ನೋಡುತ್ತಿದ್ದರು. ಅವನು ಗೋಣು ಅಲ್ಲಾಡಿಸಿದರೆ ದಾಟುತ್ತಿದ್ದರು. ತಾನಪ್ಪನಿಗೆ ಗೋಣಿಲ್ಲ. ಆದರೂ ಆಡಿಗೆ, ಎಮ್ಮೆಗೆ, ಕಟ್ಟಿಗೆ ಹೊರೆ ಹೊತ್ತವರಿಗೆಲ್ಲ ಅದು ನಿಲ್ಲುವುದು ಕಂಡು ಎರಡೇ ವಾರದಲ್ಲಿ ಧೈರ್ಯ ಬಂದಿತ್ತು. ನಿಲ್ತೈತಿ ಬಿಡು ಎಂದು ತಿರುಗಿಯೂ ನೋಡದೆ ದಾಟುತ್ತಿದ್ದರು. ಗುರುವಾರದ ನಂತರ ತಾನಪ್ಪ ಮಿಲ್ಲಿನ ಅಂಗಳದಲ್ಲಿ ನಿಂತಿದೆ. ಹಮಾಲರು ಅದರ ಮುಂದೆ ಹಾಯುವುದನ್ನು ಬಿಟ್ಟು ಗೋಡೆ ಸುತ್ತಿ ಹೋಗುತ್ತಾರೆ.

ಜೀಪಿನಲ್ಲಿ ಕುಳಿತ ಕೂಡಲೇ ಫೋನು ಬಡಿದುಕೊಂಡಿತು. ಮೆಹನಾಜ್.

"ಸರ್, ಸಿಕ್ತೇನ್ರಿ?"

"ವಾಸನಿ ಹತ್ತೈತಿ. ಧೈರ್ಯ ಇರ್ಲಿ."

"ಅಮ್ಮೀ ಡಬ್ಬಿ ಕಟ್ಟಾಕತ್ತಾಳ್ರಿ. ಅಲ್ಲಿ ಮನಿ ಊಟ ಕೊಡಾಕ ಬಿಡ್ತಾರೇನ್ರಿ?"

ಸಂಗನಬಸವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಬ್ಯಾರೆ ಊರಿನ ಹುಡುಗಿ ಈ ಕುರ್ಚಿ ಮ್ಯಾಲ ಇದ್ದಿದ್ರ ಹಿಂಗ ಆಗ್ತಿದ್ದಿಲ್ರಿ," ಎಂದಳು ಅವಳು. "ಆಕಿ ದಿನಾ ನಿಲ್ಲಿಸ್ತಿದ್ಲು. ರೋಡಿನ ಮ್ಯಾಲ ಭತ್ತ ಒಣಾಕಿದಾಗ ನಮ್ಮ ಮಂದಿ ಬಡಿಗಿಗೆ ಅಂಗಿ ತೊಡಿಸಿ, ಹಳಿ ಸೈಕಲ್ ಆನಿಸಿ, ಮಾಲಕ ಕಾಯಾಕತ್ತಾನ ಅನ್ನೋಹಂಗ ಮಾಡ್ತಾರಂತ ನನಗ ಗೊತ್ತಿತ್ತು. ಮಿಲ್ಲಿನ್ಯಾಗ ಊಟಕ್ಕ ಕುಂತಾಗ ಎಲ್ಲಾರಿಗೂ ಹೇಳಿ ನಕ್ಕಿದ್ದೆ. ನಮ್ಮೂರ ಬೊಂಬಿ ತಾನಪ್ಪನ್ನ ಹೆದರಿಸೈತಿ, ನಾ ಅದಕ್ಕ ಬುದ್ಧಿ ಹೇಳೀನಿ ಅಂತ. ಗೊತ್ತಿದ್ದದ್ದೇ ಕೆಟ್ಟಾತ್ರಿ ಸರ್."

ಮಾತಿನ ನಡುವೆ ಫೋನಿನ ಬ್ಯಾಟರಿ ಕೂಗಿತು. ಚನ್ನವೀರಪ್ಪ ಚಾರ್ಜರ್ ವೈರ್ ಎಳೆದು ಕೊಟ್ಟ. "ಇಲ್ಲೇ ಇರ್ಲಿ ಬಿಡ್ರಿ, ತುಂಬಲಿ."

ಗೇಜಿನ ಸೇತುವೆ ದಾಟುವಾಗ ಸಂಗನಬಸವ ಹೊರಗೆ ಇಣುಕಿದ. ಭತ್ತ ಒಣಹಾಕಿದ ಗುರುತು ಸೇತುವೆಯಿಂದ ಬಹಳ ದೂರ, ಆ ಕಡೆ ಬದಿಗೆ. ಗೇಜಿನ ಬದಿಗೆ ಒಂದು ಕಾಳೂ ಇಲ್ಲ. ಈ ಬೊಂಬೆ ಭತ್ತ ಕಾಯಲು ನಿಂತದ್ದಲ್ಲ.

"ಇನ್ನೂ ಇರ್ತೈತಂತೀರೇನು ಅದು?" ಚನ್ನವೀರಪ್ಪ ಗೇರ್ ಬದಲಿಸಿದ. "ಇಷ್ಟೊತ್ತಿಗೆ ಸುಟ್ಟು ಬೂದಿ ಮಾಡಿರ್ತಾರ."

"ಯಾರು?"

"ಯಾರರ. ನಿಲ್ಲಿಸಿದಾಂವ."

ನಿಲ್ಲಿಸಿದವನು ಆರು ದಿನದಿಂದ ಕಣ್ಣೇ ತೆರೆದಿಲ್ಲ. ಸಂಗನಬಸವ ಸಾವ್ಕಾರರಿಗೆ ಲೆಕ್ಕ ತಪ್ಪಿರಬೇಕು ಎಂದುಕೊಂಡ.

ಅಮರಮ್ಮ ದವಾಖಾನೆಯಿಂದ ಎಮ್ಮೆ ಹಿಂಡಲೆಂದು ಮನೆಗೆ ಬಂದಿದ್ದಳು. ಕಾಲುವೆ ದಂಡೆಯ ಒಂಟಿ ಮನೆ, ಹಿಂದೆ ಎಮ್ಮೆಯ ಕೊಟ್ಟಿಗೆ, ಪಕ್ಕದಲ್ಲಿ ಹುಲ್ಲಿನ ಬಣವಿ. ಅವಳು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

"ಅವರು ಹ್ಯಾಂಗದಾರ ತಂಗಿ?"

"ಉಸಿರು ಐತಿ." ಅವಳ ಕಣ್ಣು ಸಂಗನಬಸವನ ಭುಜ ದಾಟಿ ದೂರ ನಿಂತ ಜೀಪಿನ ಮೇಲಿತ್ತು. "ಡಾಕ್ಟ್ರು ನಾಳಿ ನೋಡೋಣ ಅಂತಾರ. ಆರು ದಿನದಿಂದ ನಾಳೀನೇ ಆಗೇತಿ."

"ವೆಂಕೋಬಗ ಖಾಕಿ ಅಂಗಿ ಎಷ್ಟು?"

"ಎರಡು."

"ಒಂದು ದವಾಖಾನ್ಯಾಗ ಕತ್ತರಿಸಿ ತೆಗದ್ರು. ಇನ್ನೊಂದು?"

"ಒಗದು ಹಾಕೀನಿ."

ಅಂಗಳದ ಹಗ್ಗದ ಮೇಲೆ ಒಂದು ಸೀರೆ ಮಾತ್ರ ಇತ್ತು. ಇಬ್ಬರೂ ಅದನ್ನೇ ನೋಡಿದರು.

"ಯಾರ ಪರವಾಗಿ ಬಂದೀರಿ ನೀವು?" ಎಂದಳು ಅಮರಮ್ಮ.

"ಆ ಹುಡುಗಿ ಪರವಾಗಿ."

"ಗುಂಡಿ ಒತ್ತಿದಾಕಿ ಪರವಾಗಿ, ಹೊಡಿಸ್ಕೊಂಡಾಂವನ ಮನಿಗೆ. ಛಲೋ ಬಂದ್ರಿ ಬಿಡ್ರಿ."

"ಆಕಿ ಒತ್ತಿದ್ದು ಬೊಂಬಿ ನೋಡಿ. ಅದು ನಿನಗೂ ಗೊತ್ತೈತಿ. ಐದಕ್ಕ ಆಕಿನ್ನ ಒಯ್ತಾರ. ಇಪ್ಪತ್ತಮೂರು ವರ್ಷದ ಹುಡುಗಿ."

"ಹುಡುಗಿ ಒಳಗ ಹೋದ್ರ ಒಂದಿನ ಹೊರಗ ಬರ್ತಾಳ," ಎಂದಳು ಅವಳು, ದನಿ ಏರಿಸದೆ. "ಇವರು ಡ್ಯೂಟಿ ಮ್ಯಾಲ ಬೊಂಬಿ ನಿಲ್ಲಿಸಿದ್ರು ಅಂತ ಗೊತ್ತಾದ್ರ? ಗುತ್ತಿಗಿ ನೌಕರಿ. ನಾಳಿ ಮುಂಜಾನಿ ಬ್ಯಾರೆಯವನ್ನ ಹಾಕ್ತಾರ. ಈ ಮನಿನೂ ಬಿಡು ಅಂತಾರ. ಎದ್ದು ಕುಂತಾಂವ ಎಲ್ಲಿ ಕುಂದರಬೇಕ್ರಿ?"

ಎರಡು ಗಾಡಿ ಎದುರುಬದುರಾಗಿ ಕಿರುಸೇತುವೆ ಹೊಕ್ಕರೆ ಒಂದು ಹಿಂದೆ ಸರಿಯಲೇಬೇಕು. ಯಾವುದು ಸರಿಯಬೇಕೆಂದು ಹೇಳುವ ಹಕ್ಕು ಸಂಗನಬಸವನಿಗಿಲ್ಲ. ಅಂಗಳದ ಕಟ್ಟೆಯ ಮೇಲೆ ಕುಳಿತ.

"ಮೈಗಳ್ಳತನಕ್ಕ ನಿಲ್ಲಿಸಿದ್ನೇನು?"

ಅಮರಮ್ಮನಿಗೆ ಮಾತು ಚುಚ್ಚಿತು. ಚುಚ್ಚಲೆಂದೇ ಅವನು ಹೇಳಿದ್ದ.

"ನನ್ನ ಗಂಡ ಮೈಗಳ್ಳ ಅಲ್ರಿ," ಎಂದಳು. "ಮ್ಯಾಲಿನ ಹೊಲದವರು ಕಾಲುವಿಗೆ ಕದ್ದು ಪೈಪ್ ಹಾಕ್ಯಾರ. ಕೆಳಗಿನ ಊರಿಗೆ ನೀರು ಮುಟ್ಟವಲ್ದು. ಕೆಳಗಿನ ಮಂದಿ ಬಂದು ಇವರ ಕೊಳ್ಳಪಟ್ಟಿ ಹಿಡೀತಿದ್ರು. ಹಿಡೀಬೇಕಂತ ಇವರು ಆ ಕಡಿ ಹೋದ್ರ, ನೀರಗಂಟಿ ಬಂದ ಅಂತ ಫೋನ್ ಹೋಗಿ ಮೋಟರ್ ಬಂದ್ ಆಗ್ತಿದ್ವು. ಇವರು ಸೇತುವಿ ಮ್ಯಾಲ ಕಾಣಾಕತ್ರ ಮಾತ್ರ ಚಾಲೂ. ಅದಕ್ಕ ಬೊಂಬಿ ಮಾಡಿದ್ರು. ಬೊಂಬಿ ಗೇಜ್ ನೋಡ್ತಿತ್ತು, ಇವರು ನಡಕೋತ ಹೋಗಿ ಪೈಪ್ ನೋಡ್ತಿದ್ರು."

ಗೇಜ್ ನೋಡುವವನ ಗೋಜಿಗೆ ಯಾರು ಹೋಗುತ್ತಾರೆ ಎಂದುಕೊಂಡಿದ್ದ ಸಂಗನಬಸವ ತನ್ನ ಬುದ್ಧಿಗೆ ತಾನೇ ನಾಚಿದ.

"ಯಾರ ಪೈಪ್ ಅಂತ ಹೇಳಿದ್ನೇನು?"

"ಶುಕ್ರವಾರ ಆಫೀಸಿನ್ಯಾಗ ಹೇಳ್ತೀನಿ, ನಿನಗ ಬ್ಯಾಡ ಅಂದ್ರು." ಗುರುವಾರ ಮುಗಿದ ಮೇಲೆ ಶುಕ್ರವಾರ ಬರಲೇ ಇಲ್ಲ. "ಅವತ್ತು ಏಳಕ್ಕ ಬೊಂಬಿ ನಿಲ್ಲಿಸಿ ರೊಟ್ಟಿ ತಿನ್ನಾಕ ಮನಿಗೆ ಬಂದಿದ್ರು. ಎಂಟಕ್ಕ ಒಬ್ರು ಬಂದ್ರು. ಬೊಂಬಿ ಗಾಡ್ಯಾಗ ಹಾಕ್ಕೊಂಡು ಬಂದಿದ್ರು. ಇವತ್ತು ಹತ್ತಕ್ಕ ದೊಡ್ಡ ಸಾಹೇಬ್ರು ಗೇಜ್ ನೋಡಾಕ ಬರ್ತಾರ, ಬೊಂಬಿ ಕಂಡ್ರ ನೌಕರಿ ಹೋಗ್ತೈತಿ, ಸೈಕಲ್ ಅಲ್ಲೇ ಬಿಟ್ಟೀನಿ, ನೀ ಖುದ್ದು ನಿಂದ್ರು ಅಂದ್ರು. ದೇವರು ಬಂದಂಗ ಬಂದ್ರು ಅಂತ ನಾ ಕೈ ಮುಗದೆ."

"ದೊಡ್ಡ ಸಾಹೇಬ್ರು ಬಂದ್ರೇನು?"

"ಯಾರೂ ಬರಲಿಲ್ಲ. ತಾನಪ್ಪ ಬಂತು."

ಸಂಗನಬಸವ ಕಟ್ಟೆಯಿಂದ ಎದ್ದ. ತಾನಪ್ಪ ಆ ಜಾಗದಲ್ಲಿ ಇನ್ನು ನಿಲ್ಲುವುದಿಲ್ಲ ಎಂಬುದು ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಿಲ್ಲಿನವರಿಗೆ ಮಾತ್ರ, ಮೆಹನಾಜ್ ನಕ್ಕು ಹೇಳಿದ್ದನ್ನು ಕೇಳಿದವರಿಗೆ.

"ಬೊಂಬಿ ಏನು ಮಾಡಿದಿ?"

"ಸಂಜಿಕ್ಕ ದವಾಖಾನಿಗೇ ಬಂದು ಅಂದ್ರು, ಸುಟ್ಟುಬಿಡು, ಯಾರಿಗೂ ಹೇಳಬ್ಯಾಡ, ನಿನ್ನ ಗಂಡನ ನೌಕರಿ ನಾ ಉಳಸ್ತೀನಿ. ನಾ ಸುಟ್ಟೀನಿ ಅಂದೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಗಂಡ ಅಲ್ಲಿ ಉಸಿರು ಹಿಡ್ಕೊಂಡು ಮಲಗ್ಯಾನ. ಇಲ್ಲಿ ಅವನ ಅಂಗಿ, ಅವನ ಟೋಪಿ ಹಾಕ್ಕೊಂಡ ಬೊಂಬಿಗೆ ಕಡ್ಡಿ ಗೀರು ಅಂದ್ರ ಯಾವ ಹೆಂಗಸಿನ ಕೈ ಏಳ್ತೈತ್ರಿ ಯಪ್ಪಾ? ಬಣವ್ಯಾಗ ಮುಚ್ಚಿ ಇಟ್ಟೀನಿ."

ಸುಟ್ಟು ಬೂದಿ. ಜೀಪಿನಲ್ಲಿ ಕೇಳಿದ ಮಾತು ಈಗ ಕಿವಿಗೆ ಬೇರೆಯೇ ಆಗಿ ಬಿತ್ತು.

"ಅವರ ಹೆಸರು ಹೇಳು ತಂಗಿ."

ಅಮರಮ್ಮ ಗದ್ದವನ್ನು ಒಂದಿಷ್ಟು ಎತ್ತಿ ಅವನ ಬೆನ್ನ ಹಿಂದೆ ತೋರಿಸಿದಳು. "ಅವರ ಗಾಡ್ಯಾಗ ಬಂದು ನನ್ನ ಕೇಳ್ತೀರಲ್ರಿ."

ಸಂಗನಬಸವ ತಿರುಗಿದ. ಜೀಪಿನ ಚಾಲಕನ ಸೀಟಿನಲ್ಲಿ ಯಾರೂ ಇರಲಿಲ್ಲ. ಎಂಜಿನ್ ಮಾತ್ರ ಗುರುಗುಡುತ್ತಿತ್ತು.

ಜೀಪಿನ ಹಿಂದಿನಿಂದ ಚನ್ನವೀರಪ್ಪ ಬಂದ. ಭುಜದ ಮೇಲಿನ ಹುಲ್ಲನ್ನು ಎರಡು ಬೆರಳಿನಿಂದ ಎತ್ತಿ ಕೆಳಗೆ ಬಿಟ್ಟ.

"ಅಮರಮ್ಮ, ಸುಟ್ಟೀನಿ ಅಂದಿದ್ದಿಯಲ್ಲ," ಎಂದ, ಬೈಯುವಂತಲ್ಲ, ಉಪ್ಪು ಕಡಿಮೆಯಾಯಿತು ಎಂದು ಹೇಳುವಂತೆ. ಆಮೇಲೆ ಸಂಗನಬಸವನ ಕಡೆ ನೋಡಿದ. "ಸಿಕ್ತಲ್ರಿ ಸಾಹೇಬ್ರ ನಿಮ್ಮ ಬೊಂಬಿ. ಕುಂದರ್ಸೀನಿ."

ಜೀಪಿನ ಹಿಂದಿನ ಸೀಟಿನಲ್ಲಿ ಅದು ಕುಳಿತಿತ್ತು. ಖಾಕಿ ಅಂಗಿ, ಓರೆ ಟೋಪಿ, ಎದೆಗೆ ಅಡ್ಡಲಾಗಿ ಬಿಗಿದ ಬೆಲ್ಟು. ಆರು ದಿನ ಬಣವಿಯಲ್ಲಿದ್ದರೂ ಗೋಣು ಬಗ್ಗಿದ್ದು ಹಾಗೇ ಇತ್ತು. ಬಂದೇಸಾಬನ ತಪ್ಪೇನೂ ಇರಲಿಲ್ಲ. ಯಾರಾದರೂ ಸಲಾಮ್ ಹಾಕುತ್ತಿದ್ದರು.

"ನನ್ನ ಫೋನು," ಎಂದ ಸಂಗನಬಸವ.

"ನನ್ನ ಹತ್ರ ಐತ್ರಿ. ಮೆಹನಾಜ್ ಮಾಡಿದ್ಲು, ನಾನೇ ಎತ್ತಿದೆ. ಪೊಲೀಸ್ರು ಅರ್ಧ ತಾಸು ಮೊದಲೇ ಬಂದಾರಂತ. ಸಾಹೇಬ್ರು ಬೊಂಬಿ ತರಾಕತ್ತಾರ, ಒಂದೀಟು ಕಾಯ್ರಿ ಅಂತ ಹೇಳೀನಿ." ಅವನು ಮುಂದಿನ ಬಾಗಿಲು ತೆರೆದು ಹಿಡಿದ. "ಬರ್ರಿ. ನಡಕೋತ ಹೋದ್ರ ಮುಟ್ಟಂಗಿಲ್ಲ ನೀವು."

ಸುತ್ತ ಕಟಾವಾದ ಗದ್ದೆ. ಕೂಗಿದರೆ ಕೇಳುವಷ್ಟು ಹತ್ತಿರ ಒಂದು ಕೊಕ್ಕರೆ. ಬೊಂಬೆ ಇಲ್ಲದೆ ಮೆಹನಾಜ್ ಉಳಿಯುವುದಿಲ್ಲ. ಬೊಂಬೆ ಇರುವುದು ಈ ಜೀಪಿನಲ್ಲಿ. ಓಡಿಹೋಗಿ ಜೀವ ಉಳಿಸಿಕೊಂಡರೆ, ಇವನು ಅದನ್ನು ಐದು ನಿಮಿಷದಲ್ಲಿ ಬೂದಿ ಮಾಡುತ್ತಾನೆ.

ಸಂಗನಬಸವ ಹತ್ತಿ ಕುಳಿತ. ಕಾಲ ಕೆಳಗೆ ಬ್ರೇಕ್ ಪೆಡಲ್ ಇಲ್ಲದ ಸೀಟು ಇಷ್ಟು ಬರಿದಾಗಿರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

ಚನ್ನವೀರಪ್ಪ ಗೇರ್ ಹಾಕುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅಮರಮ್ಮ ಸೆರಗು ಬಿಗಿದುಕೊಂಡು ಬೊಂಬೆಯ ಪಕ್ಕ ಕುಳಿತು, ಅದರ ಹುಲ್ಲಿನ ತೋಳನ್ನು ಹಿಡಿದುಕೊಂಡಳು.

"ನೀ ಎಲ್ಲಿಗೆ?" ಎಂದ ಚನ್ನವೀರಪ್ಪ.

"ಅಂಗಿ ನನ್ನ ಗಂಡಂದು," ಎಂದಳು. "ಪೊಲೀಸ್ರಿಗೆ ಯಾರಂದು ಅಂತ ಹೇಳಾಕ ಒಬ್ರು ಬೇಕಲ್ರಿ. ನೌಕರಿ ಹೋದ್ರ ಹೋಗ್ಲಿ."

ಕನ್ನಡಿಯಲ್ಲಿ ಚನ್ನವೀರಪ್ಪ ಅವಳನ್ನು ನೋಡಿದ. ಆಮೇಲೆ ಬಾಗಿಲುಗಳ ಚಿಲಕ ಒಟ್ಟಿಗೆ ಬಿದ್ದ ಸದ್ದು ಕೇಳಿತು.

ಕಾಲುವೆ ದಾರಿ ಮುಗಿದು ಡಾಂಬರು ಬಂತು. ಸಿಂಧನೂರು ಬಲಕ್ಕಿತ್ತು. ಜೀಪು ಎಡಕ್ಕೆ ಹೊರಳಿತು.